ಮುಯ್ಯಾಳು, ಮಗಳ ಪಾಲು, ಮೊಮ್ಮಗನ ಕನ್ನಡ

‘ನಾವು’ ಎಂದು ಬಾಳುವ ರೀತಿ, ‘ನಾನು’ ಎಂದು ಬಾಳುವ ರೀತಿ, ಇವೆರಡರ ನಡುವೆ ಜಾಗತೀಕರಣದ ಕಾಲದಲ್ಲಿ ಮಲೆನಾಡಿನ ನಮ್ಮತನ ಏನಾಗುತ್ತಿದೆ ಎಂಬ ಬಗ್ಗೆ ಈ ಸಲ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಆರನ್ನು ಆರಿಸಿದ್ದೇವೆ. ಉತ್ತರ ಬರೆದವರು ಇಬ್ಬರು: ಒಬ್ಬರು ಸಮಾಜಶಾಸ್ತ್ರ ಕಲಿಸುವವರು, ಇನ್ನೊಬ್ಬರು ಕುಟುಂಬದ ಆಸ್ತಿ ಕಾನೂನು ಬಲ್ಲವರು.

ಪ್ರಶ್ನೆ: ನಮ್ಮಲ್ಲಿ ನಾಟಿಗೆ, ಅಡಿಕೆ ಸುಲಿತಕ್ಕೆ ಮುಯ್ಯಾಳು (ಒಬ್ಬರ ಮನೆಗೆ ದುಡಿದದ್ದನ್ನು ಅವರು ಮರಳಿ ಬಂದು ದುಡಿದೇ ತೀರಿಸುವ ಪದ್ಧತಿ) ಇತ್ತು. ಈಗ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಇಳಿಯುವುದಿಲ್ಲ. ಹೊರಗಿನ ಗಾಳಿ ಬೀಸಿ ಜನ ಸ್ವಾರ್ಥಿಗಳಾದರು ಎನ್ನುತ್ತಾರೆ ಹಿರಿಯರು. ನಾವು ಏಳು ಮನೆಯವರು ಮತ್ತೆ ಶುರು ಮಾಡಬೇಕೆಂದಿದ್ದೇವೆ. ಆಗುವ ಮಾತೇ?
(ಕೃಷಿಕರು, ಹೊಸನಗರ ತಾಲ್ಲೂಕು)

ಉತ್ತರ: ಆಗುವ ಮಾತೇ. ಆದರೆ ಅದು ಯಾಕೆ ಇತ್ತು, ಯಾಕೆ ಹೋಯಿತು ಎಂಬುದನ್ನು ಮೊದಲು ನೋಡಿಕೊಳ್ಳಿ.

ಮಳೆ ಹಿಡಿದು ಅಗೆ (ಭತ್ತದ ಸಸಿ) ಬೆಳೆದ ಮೇಲೆ ನಾಟಿಗೆ ಸಿಗುವುದು ಕೆಲವೇ ದಿನ. ಅಗೆ ಬಲಿತರೆ ತೆಂಡೆ (ಬುಡದಿಂದ ಬರುವ ಮರಿಸಸಿ) ಒಡೆಯುವುದು ಕಡಿಮೆ. ಕೆಂಪಡಿಕೆಗೆಂದು ಕೊಯ್ದ ಹಸಿ ಅಡಿಕೆಯನ್ನು ಎರಡು ಮೂರು ದಿನದೊಳಗೆ ಸುಲಿದು ಬೇಯಿಸದಿದ್ದರೆ ಬಣ್ಣ ಕೆಟ್ಟು ದರ ಬೀಳುತ್ತದೆ. ಇಳಿಜಾರಿನ ಗದ್ದೆಗಳಲ್ಲಂತೂ ಮೇಲಿನವನು ಕಂಡಿ ಬಿಟ್ಟರಷ್ಟೇ ಕೆಳಗಿನವನಿಗೆ ನೀರು. ಒಂದು ಮನೆಯ ಕೈಗಳಿಗೆ ಮೀರಿದ ಈ ಒತ್ತಡವೇ ಮುಯ್ಯಾಳನ್ನು ಕಟ್ಟಿತು. ಒಳ್ಳೆಯತನ ಆಮೇಲೆ ಜೊತೆಗೂಡಿತು. ಮನೋವಿಜ್ಞಾನಿ ಥಾಮಸ್ ಟಾಲ್‌ಹೆಲ್ಮ್ ಮತ್ತು ಸಂಗಡಿಗರು ಚೀನಾದ 1,162 ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2014ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು. ಭತ್ತದ ಸೀಮೆಯವರ ಯೋಚನೆಯಲ್ಲಿ ಪರಸ್ಪರ ಅವಲಂಬನೆ ಹೆಚ್ಚು, ಗೋಧಿ ಸೀಮೆಯವರಲ್ಲಿ ಕಡಿಮೆ, ಯಾಕೆಂದರೆ ಭತ್ತಕ್ಕೆ ನೀರೂ ಹಂಚಿಕೊಳ್ಳಬೇಕು, ಆಳೂ ಹಂಚಿಕೊಳ್ಳಬೇಕು. ಈ ವಾದವನ್ನು ಒಪ್ಪದವರೂ ಇದ್ದಾರೆ. ಆದರೆ ನಡತೆಗೆ ಕೆಲಸವೇ ಅಚ್ಚು ಎಂಬ ಅದರ ತಿರುಳು ನಿಮ್ಮ ಊರಿಗೆ ಒಪ್ಪುತ್ತದೆ. ಗದ್ದೆಗೆ ಅಡಿಕೆ ಸಸಿ ಇಳಿಯಿತು, ಸುಲಿಯುವ ಯಂತ್ರ ಬಂತು, ಮಕ್ಕಳು ಪೇಟೆ ಸೇರಿದರು. ಕೆಲಸದ ಆಕಾರ ಬದಲಾದಾಗ ಮುಯ್ಯಿಯ ಅಗತ್ಯವೂ ಸಡಿಲವಾಯಿತು. ಜನರ ಮನಸ್ಸು ಕೆಟ್ಟಿತೆಂಬ ತೀರ್ಮಾನಕ್ಕೆ ಇಷ್ಟು ಬೇಗ ಬರಬೇಕಿಲ್ಲ.

ಇನ್ನೊಂದು ಮಾತನ್ನು ಹಿರಿಯರ ಎದುರು ನಿಧಾನವಾಗಿಯಾದರೂ ಹೇಳಬೇಕು. ಮುಯ್ಯಿ ಇದ್ದದ್ದು ಸರೀಕರ ನಡುವೆ. ಗೇಣಿಗೆ ಉಳುವವರು, ಭೂಮಿ ಇಲ್ಲದವರು ದೊಡ್ಡ ಮನೆಗೆ ದುಡಿದದ್ದನ್ನು ಯಾರೂ ಮುಯ್ಯಾಗಿ ತೀರಿಸಲಿಲ್ಲ. ಸಾಗರ ತಾಲ್ಲೂಕಿನ ಗೇಣಿದಾರರು 1951ರಲ್ಲಿ ನಡೆಸಿದ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ಹಳೆಯ ‘ನಾವು’ ಎಂಬುದರೊಳಗೆ ಆ ಕೊಳಗವೂ ಇತ್ತು. ನೀವು ಕಟ್ಟುವ ಹೊಸ ‘ನಾವು’ನಲ್ಲಿ ಅದು ಇರಬಾರದು.

ಇನ್ನು ಮಾಡುವ ಬಗೆ. ಏಳು ಮನೆ ಸರಿಯಾದ ಸಂಖ್ಯೆ. ಹತ್ತು ದಾಟಿದರೆ ಸರದಿ ಬರುವಷ್ಟರಲ್ಲಿ ಅಡಿಕೆ ಹಣ್ಣಾಗಿರುತ್ತದೆ. ಲೆಕ್ಕದ ಅಳತೆ ಅರೆದಿನ, ಅಂದರೆ ನಾಲ್ಕು ಗಂಟೆ. ಹೆಂಗಸಿನ ಅರೆದಿನವೂ ಗಂಡಸಿನ ಅರೆದಿನವೂ ಒಂದೇ ಎಂದು ಮೊದಲ ದಿನವೇ ಬರೆದುಕೊಳ್ಳಿ. ಒಂದೇ ನೋಟ್‌ಬುಕ್, ಅದು ಇರುವ ಮನೆ ತಿಂಗಳಿಗೊಮ್ಮೆ ಬದಲಾಗಲಿ. ಸಾಲು ಹೀಗಿರಲಿ: ‘ಮಂಗಳವಾರ ಸಂಜೆ 6ರಿಂದ 10, ಸುಲಿತ. ಮೇಲಿನಮನೆಯಿಂದ ಕೆಳಮನೆಗೆ ಇಬ್ಬರು. ಕೆಳಮನೆಯ ಬಾಕಿ 2 ಅರೆದಿನ.’ ಒಂದು ಮನೆಯ ಬಾಕಿ 8 ಅರೆದಿನ ಮುಟ್ಟಿದರೆ ತೀರಿಸುವವರೆಗೆ ಅಲ್ಲಿಗೆ ಆಳು ಹೋಗುವುದಿಲ್ಲ. ಆರು ಎಕರೆಯವನು ಒಂದೂವರೆ ಎಕರೆಯವನನ್ನು ತನಗೆ ಗೊತ್ತಿಲ್ಲದೆಯೇ ಬಳಸಿಕೊಳ್ಳುವುದನ್ನು ತಡೆಯುವ ನಿಯಮ ಇದೊಂದೇ. ಯಂತ್ರ ಇರುವ ಮನೆಯ ಯಂತ್ರದ ಒಂದು ಗಂಟೆ ಎಷ್ಟು ಅರೆದಿನಕ್ಕೆ ಸಮ ಎಂಬುದನ್ನು ಕರೆಂಟು, ನಡೆಸುವವನ ಶ್ರಮ ಸೇರಿಸಿ ಕೊಯ್ಲಿಗೆ ಮುಂಚೆಯೇ ಒಪ್ಪಿಕೊಳ್ಳಿ. ಯುಗಾದಿಗೆ ಲೆಕ್ಕ ಮುಗಿಯಬೇಕು, ಉಳಿದ ಬಾಕಿ ಅಂದಿನ ಕೂಲಿ ದರದಲ್ಲಿ ನಗದು.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಗಟ್ಟಿ ಆಳಿನ ಬದಲು ಹುಡುಗನನ್ನು ಕಳಿಸುವುದು ಒಂದು. ಬೇಸರವನ್ನು ಬಾಯಿಬಿಟ್ಟು ಹೇಳದೆ ಮುಂದಿನ ಸರದಿಗೆ ಬಾರದೇ ಇರುವುದು ಎರಡನೆಯದು. ಮೂರನೆಯದು ಊಟ. ಒಂದು ಮನೆ ಪಾಯಸ ಮಾಡಿದರೆ ಇನ್ನೊಂದು ಹೋಳಿಗೆಗೆ ಏರುತ್ತದೆ, ನಾಲ್ಕನೆಯ ಮನೆಯ ಹೆಂಗಸರು ‘ಈ ಮುಯ್ಯಿಯೇ ಬೇಡ’ ಎನ್ನುತ್ತಾರೆ. ಅವಲಕ್ಕಿ, ಕಾಫಿ ಎಂದು ನಿಗದಿ ಮಾಡಿಬಿಡಿ. ಬೇಡವೆಂದವರು ಲೆಕ್ಕ ತೀರಿಸಿ ಹೊರಗೆ ಹೋಗಲು ದಾರಿಯೂ ಇರಲಿ. ಹೊರಗೆ ಹೋಗಬಹುದು ಎಂದು ಗೊತ್ತಿದ್ದವರೇ ಹೆಚ್ಚು ಕಾಲ ಒಳಗಿರುತ್ತಾರೆ.

ಪ್ರಶ್ನೆ: ನಮ್ಮೂರಿನ ಯುವಜನ ಎಷ್ಟು ವ್ಯಕ್ತಿನಿಷ್ಠರು (‘ನಾನು’ ಎಂದು ಬಾಳುವವರು), ಎಷ್ಟು ಸಮೂಹನಿಷ್ಠರು (‘ನಾವು’ ಎಂದು ಬಾಳುವವರು) ಎಂದು ಅಳೆಯುವ ಪ್ರಾಜೆಕ್ಟ್ ತೆಗೆದುಕೊಂಡಿದ್ದೇನೆ. ‘ಕುಟುಂಬ ನಿಮಗೆ ಮುಖ್ಯವೇ?’ ಎಂದು ಕೇಳಿದರೆ ಎಲ್ಲರೂ ‘ಹೌದು’ಗೆ ಟಿಕ್ ಹಾಕುತ್ತಾರೆ. ಏನು ಮಾಡಲಿ?
(ಸ್ನಾತಕೋತ್ತರ ವಿದ್ಯಾರ್ಥಿನಿ, ಶಂಕರಘಟ್ಟ)

ಉತ್ತರ: ಆ ಪ್ರಶ್ನೆಯನ್ನು ತೆಗೆದುಹಾಕಿ. ಅದು ಅಳೆಯುವುದು ಮರ್ಯಾದೆಯನ್ನು. ಅಮ್ಮ ಪಕ್ಕದ ಕೋಣೆಯಲ್ಲಿರುವಾಗ ಯಾರು ‘ಇಲ್ಲ’ ಎಂದಾರು?

ದೇಶಗಳ ಸಂಸ್ಕೃತಿಯನ್ನು ಅಂಕಿಗಳಲ್ಲಿ ಅಳೆದ ಹೀರ್ಟ್ ಹಾಫ್‌ಸ್ಟೆಡ್ ಅವರ ಲೆಕ್ಕಗಳನ್ನು ನಿಮ್ಮ ಕರಡಿನಲ್ಲಿ ಬಳಸಿರಬಹುದು. ವ್ಯಕ್ತಿನಿಷ್ಠೆಯಲ್ಲಿ ಅಮೆರಿಕಕ್ಕೆ 91, ಭಾರತಕ್ಕೆ 48 ಎಂಬ ಅಂಕಿ 1980ರ ಅವರ ಪುಸ್ತಕದ್ದು. ಅದರ ಮೂಲ 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ನೌಕರರಿಂದ ಪಡೆದ ಉತ್ತರಗಳು. ಅದು ದೇಶ ದೇಶಗಳನ್ನು ಹೋಲಿಸುವ ಅಳತೆ, ಒಬ್ಬ ಮನುಷ್ಯನಿಗೆ ಹಚ್ಚುವಂಥದ್ದಲ್ಲ. ಭದ್ರಾವತಿಯ ಹುಡುಗನೊಬ್ಬನನ್ನು 48 ಎನ್ನುವುದು ಆಗುಂಬೆಯ ಮಳೆಯ ಸರಾಸರಿ ನೋಡಿ ಇವತ್ತು ಕೊಡೆ ಹಿಡಿದ ಹಾಗೆ.

ನಿಮಗೆ ಒಪ್ಪುವ ಸಾಧನ 1954ರಲ್ಲಿ ಸಮಾಜಶಾಸ್ತ್ರಜ್ಞರಾದ ಕೂನ್ ಮತ್ತು ಮೆಕ್‌ಪಾರ್ಟ್‌ಲಂಡ್ ರೂಪಿಸಿದ ಇಪ್ಪತ್ತು ಹೇಳಿಕೆಗಳ ಪರೀಕ್ಷೆ. ಒಂದು ಹಾಳೆಯಲ್ಲಿ ಇಪ್ಪತ್ತು ಗೆರೆ, ಮೇಲೆ ‘ನಾನು ಯಾರು?’ ಎಂಬ ಪ್ರಶ್ನೆ, ಹನ್ನೆರಡು ನಿಮಿಷ ಸಮಯ. ಇಂಗ್ಲಿಷಿನಲ್ಲಿ ಪ್ರತಿ ಗೆರೆಯನ್ನೂ ‘ನಾನು’ ಎಂಬ ಪದದಿಂದಲೇ ಶುರು ಮಾಡಿ ಅಚ್ಚು ಹಾಕುತ್ತಾರೆ. ಕನ್ನಡದಲ್ಲಿ ಹಾಗೆ ಮಾಡಬೇಡಿ. ನಮ್ಮ ಇಷ್ಟ, ಭಯ, ಹಸಿವು, ಸಿಟ್ಟು ಎಲ್ಲವೂ ‘ನನಗೆ’ ಎಂದೇ ಬರುತ್ತವೆ, ನೆಂಟಸ್ತಿಕೆ ‘ನನ್ನ’ ಎಂದು ಬರುತ್ತದೆ. ‘ನಾನು’ ಎಂದು ಮೊದಲೇ ಅಚ್ಚಾಗಿದ್ದರೆ ಬರೆಯುವವಳ ಮನಸ್ಸಿಗೆ ಬಂದ ‘ನನಗೆ ಕತ್ತಲೆ ಅಂದ್ರೆ ಹೆದರಿಕೆ’ ಎಂಬ ಸಾಲು ಹಾಳೆಗೆ ಇಳಿಯುವುದೇ ಇಲ್ಲ. ಗೆರೆ ಖಾಲಿ ಬಿಡಿ.

ಉತ್ತರಗಳನ್ನು ನಾಲ್ಕು ಗುಂಪು ಮಾಡಿ. ‘ಹಠಮಾರಿ’ ಸ್ವಂತ ಗುಣ. ‘ಮನೆಯ ಮೂರನೇ ಮಗಳು’ ಸಂಬಂಧ. ‘ದೀವರ ಹುಡುಗಿ’, ‘ಮಲೆನಾಡಿನವಳು’ ಸಮೂಹ. ‘ಇವತ್ತು ತಲೆನೋವು’ ಉಳಿದದ್ದು. ಸಂಬಂಧವನ್ನೂ ಸಮೂಹವನ್ನೂ ಒಂದೇ ಬುಟ್ಟಿಗೆ ಹಾಕುವುದು ಪ್ರಾಜೆಕ್ಟ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಅಪ್ಪ ಅಮ್ಮನಿಗೆ ಅಂಟಿಕೊಂಡವಳಿಗೆ ಜಾತಿ ಸಂಘದ ಮೇಲೆ ಒಲವು ಇರಲೇಬೇಕೆಂದಿಲ್ಲ. ಇಬ್ಬರು ಬೇರೆ ಬೇರೆ ಕೂತು ಗುಂಪು ಮಾಡಿ, ನೂರರಲ್ಲಿ ಎಂಬತ್ತಾದರೂ ತಾಳೆಯಾಗದಿದ್ದರೆ ನಿಯಮವನ್ನು ತಿದ್ದಿ ಮೊದಲಿನಿಂದ ಮಾಡಿ. ಎಲ್ಲರೂ ಇಪ್ಪತ್ತು ಗೆರೆ ತುಂಬುವುದಿಲ್ಲ, ಹಾಗಾಗಿ ಎಣಿಕೆಯ ಬದಲು ಪ್ರತಿಯೊಬ್ಬರ ಶೇಕಡಾವಾರು ತೆಗೆಯಿರಿ. ಈ ಹಾಳೆಯನ್ನೇ ಮೊದಲು ಕೊಡಿ. ಕುಟುಂಬದ ಪ್ರಶ್ನೆಗಳು ಮೊದಲು ಬಂದರೆ ‘ಮಗಳು’, ‘ತಂಗಿ’ ಎಂಬ ಉತ್ತರ ತಾನಾಗಿ ಉಬ್ಬುತ್ತದೆ.

ಆಮೇಲೆ ಎರಡು ಮೂರು ಸನ್ನಿವೇಶ ಕೊಡಿ. ‘ಬೆಂಗಳೂರಿನಲ್ಲಿ ತಿಂಗಳಿಗೆ 40,000 ರೂಪಾಯಿಯ ಕೆಲಸ ಸಿಕ್ಕಿದೆ. ಅಪ್ಪನಿಗೆ ತೋಟ ನೋಡಿಕೊಳ್ಳಲು ಆಗುತ್ತಿಲ್ಲ.’ ಇದರ ಕೆಳಗೆ ‘ಹೋಗುತ್ತೀರಾ?’ ಎಂದು ಕೇಳಿದರೆ ಸಾಲದು. ತೀರ್ಮಾನ ಯಾರದು, ಅದರ ಹೊರೆ ಯಾರಿಗೆ, ತಪ್ಪಾದರೆ ಮಾತು ಕೇಳುವವರು ಯಾರು ಎಂದು ಮೂರನ್ನೂ ಬಿಡಿಸಿ ಕೇಳಿ. ಅದೇ ಒಬ್ಬ ಹುಡುಗಿ ಮೊದಲನೆಯದಕ್ಕೆ ‘ನಾನು’, ಎರಡನೆಯದಕ್ಕೆ ‘ನಾವು’ ಎಂದು ಬರೆಯುವುದನ್ನು ನೋಡುತ್ತೀರಿ. ಅದನ್ನು ಗೊಂದಲ ಎಂದು ಬರೆಯಬೇಡಿ. ಮನೋವಿಜ್ಞಾನಿ ಜೆ.ಬಿ.ಪಿ. ಸಿನ್ಹಾ ಮತ್ತು ಸಂಗಡಿಗರು 2001ರಲ್ಲಿ ಭಾರತೀಯರ ಬಗ್ಗೆ ತೋರಿಸಿದ್ದು ಇದನ್ನೇ: ಎರಡೂ ಒಟ್ಟಿಗೆ ಇರುತ್ತವೆ, ಎದುರಿಗೆ ಯಾರು, ವಿಷಯ ಯಾವುದು ಎಂಬುದರ ಮೇಲೆ ಪಾಕ ಬದಲಾಗುತ್ತದೆ.

ಸಾಧ್ಯವಾದರೆ ಅರ್ಧ ಜನಕ್ಕೆ ಕನ್ನಡದ ಹಾಳೆ, ಅರ್ಧ ಜನಕ್ಕೆ ಇಂಗ್ಲಿಷಿನ ಹಾಳೆ ಕೊಡಿ, ಚೀಟಿ ಎತ್ತಿ ಹಂಚಿ. ಕೆನಡಾದಲ್ಲಿ ಓದುತ್ತಿದ್ದ ಚೀನಾ ಮೂಲದ ವಿದ್ಯಾರ್ಥಿಗಳು ಚೀನೀ ಭಾಷೆಯಲ್ಲಿ ಬರೆದಾಗ ಸಮೂಹದ ಮಾತು ಹೆಚ್ಚಿತ್ತು ಎಂದು 2002ರ ಅಧ್ಯಯನವೊಂದು ಹೇಳುತ್ತದೆ. ಶಿವಮೊಗ್ಗದ ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ಏನಾಗುತ್ತದೆಂದು ನೋಡಲು ನಿಮಗೊಂದು ಒಳ್ಳೆಯ ಅವಕಾಶ.

ಪ್ರಶ್ನೆ: ಕುಟುಂಬದ ಮೂರು ಎಕರೆ ತೋಟವನ್ನು ಇಪ್ಪತ್ತು ವರ್ಷದಿಂದ ನಾನೇ ನೋಡಿಕೊಂಡು ಬಂದಿದ್ದೇನೆ. ಅಪ್ಪ ಸ್ವಂತ ಕೊಂಡ ಒಂದು ಎಕರೆಯೂ ಇದೆ. 1992ರಲ್ಲಿ ಮದುವೆಯಾಗಿ ಹೋದ ತಂಗಿ ಈಗ ಪಾಲು ಕೇಳುತ್ತಿದ್ದಾಳೆ. ಇದು ಪೇಟೆಯ ‘ನನ್ನದು ನನಗೆ’ ಬುದ್ಧಿಯಲ್ಲವೇ?
(ಸಾಗರದ ಓದುಗರು)

ಉತ್ತರ: ಅಲ್ಲ ಎಂದೇ ನಮ್ಮ ಅಭಿಪ್ರಾಯ. ಕೂಡುಕುಟುಂಬದ ಆಸ್ತಿಯಲ್ಲಿ ಸಹಭಾಗಿ (ಹುಟ್ಟಿನಿಂದಲೇ ಪಾಲಿನ ಹಕ್ಕುಳ್ಳವರು) ಎನಿಸಿಕೊಳ್ಳುವುದೆಂದರೆ ಆ ಕುಟುಂಬದ ಸದಸ್ಯತ್ವ. ‘ನಾನೂ ಈ ಮನೆಯವಳು’ ಎನ್ನುತ್ತಿದ್ದಾಳೆ ನಿಮ್ಮ ತಂಗಿ. ಅದಕ್ಕಿಂತ ದೊಡ್ಡ ‘ನಾವು’ ಬೇರೆ ಯಾವುದಿದೆ?

ಪಾಲಿನ ವೇಳೆ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗ ಕೊಡುವ ಕಾಯ್ದೆಯನ್ನು ಮೈಸೂರು ಸಂಸ್ಥಾನ 1933ರಲ್ಲೇ ಮಾಡಿತ್ತು. 1994ರಲ್ಲಿ ಜಾರಿಯಾದ ಕರ್ನಾಟಕದ ತಿದ್ದುಪಡಿ ಮಗಳನ್ನು ಸಹಭಾಗಿ ಮಾಡಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಆಗಿನ ಲೆಕ್ಕದಲ್ಲಿ ನಿಮ್ಮ ತಂಗಿ ಹೊರಗೆ. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೆಂಬ ವಾದಕ್ಕೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೆರೆ ಎಳೆಯಿತು. ಮಗನಷ್ಟೇ ಪಾಲು ಮಗಳಿಗೂ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಮಾತ್ರ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಇದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟವರ ಮಾತು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಕಾನೂನು ಬೇರೆ.

ಮೊದಲು ದಾಖಲೆ ನೋಡಿ. ‘ಅಜ್ಜನದು ಅಂದರೆ ಪಿತ್ರಾರ್ಜಿತ’ ಎಂದು ಎಲ್ಲರೂ ತಿಳಿದಿರುತ್ತಾರೆ. ಅಜ್ಜ ಸ್ವಂತ ಸಂಪಾದಿಸಿದ್ದು ಅವರು ತೀರಿಕೊಂಡ ಮೇಲೆ, 1956ರ ಕಾಯ್ದೆ ಬಂದ ನಂತರ, ವಾರಸುದಾರಿಕೆಯಲ್ಲಿ ಅಪ್ಪನಿಗೆ ಬಂದಿದ್ದರೆ ಅದು ಅಪ್ಪನ ಸ್ವಂತದ್ದೇ ಆಗುತ್ತದೆ. ಆಗ ನಿಮಗೂ ಹುಟ್ಟಿನಿಂದ ಹಕ್ಕಿಲ್ಲ, ತಂಗಿಗೂ ಇಲ್ಲ. ಅಪ್ಪ ಕೊಂಡ ಎಕರೆಯನ್ನು ಅವರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಪಹಣಿ, ಹಳೆಯ ಮ್ಯುಟೇಶನ್, ನಾಡಕಚೇರಿಯ ವಂಶವೃಕ್ಷ ಇಷ್ಟನ್ನೂ ಹಿಡಿದು ವಕೀಲರ ಹತ್ತಿರ ಹೋಗಿ.

ತೋಟವನ್ನು ಗದ್ದೆಯಂತೆ ಸೀಳಲು ಬರುವುದಿಲ್ಲ. ನೀರಿನ ಮೂಲ ಒಂದೇ, ಬೇಲಿ ಒಂದೇ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಬರುವುದೂ ಒಂದೇ ದಿನ. ಹಾಗಾಗಿ ಮೂರು ದಾರಿ. ಅಳೆದು ಬೇರೆ ಮಾಡುವುದಾದರೆ 11ಇ ನಕ್ಷೆ (ಭಾಗವಾಗುವ ಜಮೀನನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ನೀರು ಮತ್ತು ದಾರಿಯ ಹಕ್ಕನ್ನು ಪಾಲುಪತ್ರದಲ್ಲೇ ಬರೆಸಿ. ಜಂಟಿ ಹೆಸರಿನಲ್ಲಿ ಉಳಿಸಿಕೊಂಡರೆ ವರ್ಷದ ಉತ್ಪತ್ತಿಯಲ್ಲಿ ಖರ್ಚು ಕಳೆದು, ನಿಮ್ಮ ಮೇಲ್ವಿಚಾರಣೆಗೆ ಇಂತಿಷ್ಟು ಎಂದು ಮೊದಲು ತೆಗೆದು, ಉಳಿದದ್ದನ್ನು ಹಂಚಿಕೊಳ್ಳಿ. ನಿಮ್ಮ ಇಪ್ಪತ್ತು ವರ್ಷದ ದುಡಿಮೆಗೆ ನ್ಯಾಯ ಸಿಗುವ ಜಾಗ ಅದು, ತಂಗಿಯ ಹಕ್ಕನ್ನು ಕಡಿಯುವುದರಲ್ಲಿ ಅಲ್ಲ. ಮೂರನೆಯದು, ಬೆಲೆ ಕಟ್ಟಿಸಿ ಹಣ ಕೊಟ್ಟು ಹಕ್ಕು ಬಿಡುಗಡೆ ಪತ್ರ ಪಡೆಯುವುದು. ಯಾವುದೇ ಆದರೂ ನೋಂದಣಿ ಆಗಲೇಬೇಕು. ಬಿಳಿ ಹಾಳೆಯ ಮೇಲೆ ಬರೆದ ಮನೆಪಾಲು ಮುಂದಿನ ತಲೆಮಾರನ್ನು ಕೋರ್ಟಿಗೆ ನಿಲ್ಲಿಸುತ್ತದೆ. ಅರಿಶಿನ ಕುಂಕುಮಕ್ಕೆ ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುವ ಪದ್ಧತಿ ನಿಲ್ಲಬೇಕು. ಹಾಗೆ ಸಹಿ ಹಾಕಿದವಳು ತೌರಿಗೆ ಬರುವುದನ್ನೇ ನಿಧಾನವಾಗಿ ಬಿಡುತ್ತಾಳೆ.

ಪ್ರಶ್ನೆ: ಮಗಳು ಮಂತ್ರಮಾಂಗಲ್ಯ (ಪುರೋಹಿತರಿಲ್ಲದ ಸರಳ ಮದುವೆ) ಸಾಕು ಎನ್ನುತ್ತಾಳೆ. ಊರಿಗೆ ಊಟ ಹಾಕದ ಮದುವೆ ಪರದೇಶದ ರೀತಿ ಎಂದು ಮನೆಯವರ ಆಕ್ಷೇಪ.
(ಕೊಪ್ಪದ ಓದುಗರು)

ಉತ್ತರ: ಮಂತ್ರಮಾಂಗಲ್ಯವನ್ನು ರೂಪಿಸಿದವರು ಕುಪ್ಪಳಿಯ ಕುವೆಂಪು. ಮಗ ತೇಜಸ್ವಿಯ ಮದುವೆಯನ್ನು 1966ರಲ್ಲಿ ಅವರು ಹಾಗೆಯೇ ಮಾಡಿದರು. ನಿಮ್ಮಿಂದ ಒಂದು ಗಂಟೆಯ ದಾರಿಯಲ್ಲಿ ಹುಟ್ಟಿದವರ ವಿಚಾರ ಪರದೇಶದ್ದು ಹೇಗಾಗುತ್ತದೆ? ಕಾನೂನಿನ ದೃಷ್ಟಿಯಿಂದ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಸುರಕ್ಷಿತ. ಇಬ್ಬರಲ್ಲಿ ಒಬ್ಬರಾದರೂ 30 ದಿನದಿಂದ ವಾಸವಿರುವ ಜಿಲ್ಲೆಯಲ್ಲಿ ಅರ್ಜಿ, ಆಮೇಲೆ 30 ದಿನದ ನೋಟಿಸ್, ಮದುವೆಯ ದಿನ ಮೂವರು ಸಾಕ್ಷಿಗಳು. ದಿನಾಂಕ ಗೊತ್ತುಮಾಡುವ ಮುನ್ನ ಈ ಲೆಕ್ಕ ಹಾಕಿ. ಊರಿನ ಊಟವನ್ನು ಇನ್ನೊಂದು ದಿನ ಮನೆಯಂಗಳದಲ್ಲಿ ಇಟ್ಟುಕೊಳ್ಳಬಹುದು. ಊರವರಿಗೆ ನೋವಾಗುವುದು ಕರೆಯದೇ ಇದ್ದಾಗ, ಛತ್ರ ಇಲ್ಲದ್ದಕ್ಕಲ್ಲ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮೊಮ್ಮಗನಿಗೆ ಒಂಬತ್ತು ವರ್ಷ. ವಿಡಿಯೋದಲ್ಲಿ ‘ಹೈ ಅಜ್ಜಿ’ ಎಂದು ಓಡಿಹೋಗುತ್ತಾನೆ. ಅವನು ನಮ್ಮವನಾಗಿ ಉಳಿಯುತ್ತಾನೆಯೇ?
(ತೀರ್ಥಹಳ್ಳಿಯ ಅಜ್ಜಿ)

ಉತ್ತರ: ಅಮ್ಮಾ, ಅವನು ಅಲ್ಲಿಯವನಾಗುವುದರಿಂದ ನಿಮ್ಮವನಾಗುವುದು ತಪ್ಪುವುದಿಲ್ಲ. ವಲಸೆ ಹೋದವರನ್ನು ದೀರ್ಘಕಾಲ ಅಭ್ಯಾಸ ಮಾಡಿದ ಜಾನ್ ಬೆರ್ರಿ ನಾಲ್ಕು ದಾರಿ ಗುರುತಿಸಿದರು: ಹೊಸದನ್ನಷ್ಟೇ ಹಿಡಿಯುವುದು, ಹಳೆಯದನ್ನಷ್ಟೇ ಹಿಡಿಯುವುದು, ಎರಡನ್ನೂ ಹಿಡಿಯುವುದು, ಎರಡನ್ನೂ ಬಿಡುವುದು. ಎರಡನ್ನೂ ಹಿಡಿದವರೇ ಸಾಮಾನ್ಯವಾಗಿ ನೆಮ್ಮದಿಯಾಗಿರುತ್ತಾರೆ. ಟರ್ಕಿಯ ಮನೋವಿಜ್ಞಾನಿ ಚಿದೆಮ್ ಕಾಯಿತ್‌ಚಿಬಾಶಿ ಕಂಡದ್ದೂ ನಿಮಗೆ ಸಮಾಧಾನ ಕೊಡುವಂಥದ್ದು. ಮಕ್ಕಳ ದುಡಿಮೆಯನ್ನು ನೆಚ್ಚಿಕೊಳ್ಳುವ ಅಗತ್ಯ ಕಡಿಮೆಯಾದ ಕುಟುಂಬಗಳಲ್ಲೂ ಕರುಳಿನ ನಂಟು ಹಾಗೆಯೇ ಉಳಿಯುತ್ತದೆ.

‘ಹೇಗಿದ್ದೀಯ, ಊಟ ಆಯ್ತಾ’ ಎಂಬಲ್ಲಿಗೆ ಮಗುವಿನ ಮಾತು ಮುಗಿಯುತ್ತದೆ. ಅದರ ಬದಲು ಕೆಲಸ ಕೊಡಿ. ಭಾನುವಾರ ಸಂಜೆ ಏಳಕ್ಕೆ ಕರೆ ಮಾಡಿ, ಅಲ್ಲಿ ಬೆಳಗಿನ ಒಂಬತ್ತೂವರೆ, ಚಳಿಗಾಲದಲ್ಲಿ ಎಂಟೂವರೆ. ಇಪ್ಪತ್ತು ನಿಮಿಷ ಸಾಕು. ಉಪ್ಪಿನಕಾಯಿಗೆಂದು ತಂದ ಅಪ್ಪೆಮಿಡಿಯ (ಎಳೆ ಮಾವಿನಕಾಯಿ) ತಟ್ಟೆ ಮುಂದಿಟ್ಟುಕೊಂಡು ತೊಟ್ಟು ಮುರಿದದ್ದನ್ನು ಬೇರೆ ಮಾಡುತ್ತಾ ಎಷ್ಟಾಯಿತೆಂದು ಅವನ ಹತ್ತಿರ ಎಣಿಸಿ. ಮುಂದಿನ ವಾರ ಅವನ ತಟ್ಟೆಯಲ್ಲಿರುವುದನ್ನು ಅವನು ಹೇಳಲಿ. ತಪ್ಪು ಕನ್ನಡ ಆಡಿದರೆ ತಿದ್ದಬೇಡಿ, ನೀವು ಸರಿಯಾಗಿ ಒಮ್ಮೆ ಹೇಳಿ ಮುಂದೆ ಹೋಗಿ. ನಕ್ಕರಂತೂ ಮತ್ತೆ ಬಾಯಿ ಬಿಡುವುದಿಲ್ಲ. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ, ಅತ್ತಿಗೆ ಎಂಬ ನಾಲ್ಕು ಪದ ಮೊದಲು ಕಲಿಸಿ. ಅಲ್ಲಿ ಎಲ್ಲರೂ ‘ಆಂಟಿ’. ಈ ನಾಲ್ಕನ್ನು ಬೇರೆ ಮಾಡಲು ಬಂದ ದಿನ ಅವನಿಗೆ ತನ್ನ ಕುಟುಂಬದ ನಕ್ಷೆ ಸಿಕ್ಕಿದ ಹಾಗೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದವರು ಹಸೆ ಚಿತ್ತಾರ (ಮದುವೆಮನೆಯ ಗೋಡೆಯ ಮೇಲೆ ಬರೆಯುವ ಸಾಂಪ್ರದಾಯಿಕ ಚಿತ್ರ) ಬರೆದು ಹೊರರಾಜ್ಯಗಳಿಗೂ ಮಾರುತ್ತಿದ್ದೇವೆ. ಚಿತ್ತಾರದ ಮೇಲೆ ಬರೆದವಳ ಹೆಸರು ಹಾಕಬೇಕೇ, ಸಂಘದ ಹೆಸರೇ? ಇದು ಸಮುದಾಯದ್ದು, ಒಬ್ಬಳದಲ್ಲ ಎನ್ನುತ್ತಾರೆ ಕೆಲವರು.
(ಸೊರಬ ತಾಲ್ಲೂಕಿನ ಓದುಗರು)

ಉತ್ತರ: ಎರಡೂ ಹಾಕಿ. ಮದುವೆಯ ಹಸೆಗೋಡೆಯ ಮೇಲೆ ಬರೆಯುವಾಗ ಹೆಸರು ಬೇಕಿರಲಿಲ್ಲ. ಯಾರ ಕೈ ಎಂದು ಊರಿಗೇ ಗೊತ್ತಿತ್ತು, ಗೆರೆಯ ಓಟ ನೋಡಿಯೇ ಹೇಳುತ್ತಿದ್ದರು. ದೆಹಲಿಯ ಗಿರಾಕಿಗೆ ಆ ಕಣ್ಣಿಲ್ಲ. ಅಲ್ಲಿ ಹೆಸರು ಹಾಕದಿದ್ದರೆ ಅದು ಸಮುದಾಯಕ್ಕೂ ಸಲ್ಲುವುದಿಲ್ಲ, ನಡುವಿನ ವ್ಯಾಪಾರಿಗೆ ಸಲ್ಲುತ್ತದೆ.

ಹಿಂಬದಿಯ ಚೀಟಿಯಲ್ಲಿ ಬರೆದವಳ ಹೆಸರು, ಊರು, ದೀವರ ಹಸೆ ಚಿತ್ತಾರ ಎಂಬ ಮಾತು, ಆ ಚಿತ್ತಾರದ ಅರ್ಥ ಒಂದು ಸಾಲಿನಲ್ಲಿ, ಬಳಸಿದ ಬಣ್ಣ ಇಷ್ಟಿರಲಿ. ಕೆಮ್ಮಣ್ಣು, ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿ, ಪುಂಡಿ ನಾರಿನ ಕುಂಚ ಇವೇ ಆಗಿದ್ದರೆ ಹಾಗೆಂದೇ ಬರೆಯಿರಿ. ಅಂಗಡಿಯ ಪೇಂಟ್ ಬಳಸಿದ್ದರೆ ಅದನ್ನೂ ಬರೆಯಿರಿ. ಒಮ್ಮೆ ಸುಳ್ಳು ಸಿಕ್ಕಿಬಿದ್ದರೆ ಇಡೀ ಸಂಘದ ಮಾಲಿಗೆ ಕಳಂಕ. ಹಣದ ಪಾಲನ್ನು ಬರೆಯುವ ಮೊದಲೇ ಗೊತ್ತುಮಾಡಿ. 4,000 ರೂಪಾಯಿಗೆ ಮಾರಿದರೆ ಬರೆದವಳಿಗೆ 3,000, ಸಂಘದ ಸಾಮಗ್ರಿ ನಿಧಿಗೆ 600, ಹೊಸಬರಿಗೆ ಕಲಿಸುವ ಹಿರಿಯಳಿಗೆ 400 ಎಂಬಂತೆ. ಹಿರಿಯಳ ಪಾಲನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ, ಅವಳ ಬೆರಳಲ್ಲಿರುವ ಎಳೆಗಳ ಲೆಕ್ಕ ಬೇರೆಲ್ಲೂ ಬರೆದಿಟ್ಟಿಲ್ಲ. ಬಟ್ಟೆಗೆ ಅಚ್ಚು ಹಾಕುತ್ತೇವೆ, ಫೋಟೊ ಕೊಡಿ ಎಂದು ಯಾರಾದರೂ ಕೇಳಿದರೆ ಬರೆದವಳ ಒಪ್ಪಿಗೆ, ಸಂಘದ ಒಪ್ಪಿಗೆ, ಎಷ್ಟು ಪ್ರತಿ, ಎಷ್ಟು ಹಣ ಇವಿಷ್ಟನ್ನು ಕಾಗದದ ಮೇಲೆ ಪಡೆದ ನಂತರವೇ ಫೋಟೊ ಕಳಿಸಿ.